ಗುಲಾಬಿ ಬಣ್ಣಕ್ಕೆ ತಿರುಗಿದ ಇಂಜೆಕ್ಷನ್ನು

ಒಂದೀಟು ನಿಲ್ರಿ, ಇದನ್ನ ಕೇಳ್ಕಂಡು ಮುಂದಕ್ಕೆ ಹೋಗ್ರಿ. ನಿನ್ನೆ ನಮ್ಮ ಸ್ಟುಡಿಯೋದಾಗ ಫೋಟೋ ತೊಳೆಯೋ ನೀರಿಗೆ ಹಾಕೋ ಬಿಳಿ ಪುಡಿ ಡಬ್ಬಿ ಒಡೆದೆ. ಬೆಂಕಿಕಡ್ಡಿ ಗೀರಿದಂಗೆ ಘಾಟು ಮೂಗಿಗೆ ಬಡೀತು... ಹನ್ನೆರಡು ವರ್ಷದ ಹಿಂದಿನ ಕಾಂಪೌಂಡರ್ ಮಾವ ಎದುರಿಗೆ ನಿಂತಂಗಾತು. ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟೆ.

ದಾವಣಗೆರೆಯಾಗ ಅವ್ರು ನಮ್ಮ ಪಕ್ಕದ ಮನೆಯೋರು. ಒಬ್ಬ ಡಾಕ್ಟ್ರ ಹತ್ರ ಔಷಧಿ ಕಲಸಿ ಕೊಡೋ ಕೆಲಸ. ನಮ್ಮಕ್ಕಂಗೆ ಉಬ್ಬಸ. ಅದಕ್ಕೆ ಹಾಕೋ ಇಂಜೆಕ್ಷನ್ನು ತಿಳಿನೀರಿನಂಗೇ ಇರ್ಬೇಕಂತೆ. ಮಾವ ಒಂದಿನ ಇದೇ ಪುಡಿ ನಂಗೆ ಮೂಸಿಸಿ ಹೇಳಿದ್ರು: "ಗಾಳಿ, ಬಿಸಿಲು ತಗುಲಿದ್ರೆ ಔಷಧಿ ಕೆಡ್ತೈತಪ್ಪ. ಅದಕ್ಕೇ ಒಳಗೆ ಇದನ್ನ ಹಾಕಿರ್ತಾರೆ. ಮೊದ್ಲು ತಾನು ಸಾಯ್ತೈತೆ, ಔಷಧಿ ಉಳಿಸ್ತೈತೆ. ಪುಡಿ ಮುಗೀತೋ, ಔಷಧಿ ಬಣ್ಣ ತಿರುಗ್ತೈತೆ."

ಆ ಡಾಕ್ಟ್ರಿಗೋ, ಬಾಟ್ಲಿ ಎಲ್ಲ ಬೀದಿ ಕಡೆ ಕಿಟಕ್ಯಾಗೆ ಜೋಡಿಸೋ ಚಟ. ನಮ್ಮ ಜನಕ್ಕೂ ಬಣ್ಣದ ಹುಚ್ಚು. ಹದಡಿ ಹಳ್ಳಿಯಿಂದ ಬಂದೋರೂ "ಕೆಂಪಂದು ಕೊಡ್ರಿ, ನೀರಿನಂತದ್ದು ಬ್ಯಾಡ" ಅಂತಿದ್ರು.

ಒಂದಿನ ಮಧ್ಯಾಹ್ನ ಅಕ್ಕಂಗೆ ಉಸಿರು ಕಟ್ತು. ಅಪ್ಪ ಹೊತ್ಕಂಡು ಆ ಡಾಕ್ಟ್ರ ಹತ್ರ ಓಡಿದ್ರು, ಹಿಂದೆ ನಾನು. ಕಿಟಕ್ಯಾಗಿನ ಉಬ್ಬಸದ ಇಂಜೆಕ್ಷನ್ ಬಾಟ್ಲಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

"ಸಾಹೇಬ್ರೆ, ಇದು ಕೆಟ್ಟೈತೆ, ಹಾಕ್ಬ್ಯಾಡ್ರಿ. ಹರಿಹರದಾಗ ಹೊಸದೈತೆ, ತರ್ತೀನಿ" ಅಂದ್ರು ಮಾವ.

"ನೀನ್ಯಾವಾಗ ಡಾಕ್ಟ್ರಾದ್ಯೋ?" ಅಂದ ಡಾಕ್ಟ್ರು.

ನಮ್ಮಪ್ಪ ಅಂದ್ರು, "ಬಣ್ಣ ಬಂದೈತಲ್ಲ, ಜೋರಿರ್ತೈತೆ. ಅದ್ನೇ ಹಾಕ್ರಿ."

ಹಾಕಿದ. ಏನೂ ಗುಣ ಕಾಣ್ಲಿಲ್ಲ... ಮಾವ ಸೈಕಲ್ ತುಳ್ಕಂಡು ಹರಿಹರಕ್ಕೆ ಹೋಗಿ, ಕರಿ ಕಾಗದದಾಗ ಸುತ್ತಿದ ಬಾಟ್ಲಿ ಎದೆಗೊತ್ತಿ ಹಿಡ್ಕಂಡು ಬಂದಾಗ, ಅಕ್ಕನ ಮುಖಕ್ಕೆ ಬಟ್ಟೆ ಹೊದಿಸಿದ್ರು.

ಡಾಕ್ಟ್ರು ಎಲ್ಲರ ಮುಂದೆ, "ಕೆಟ್ಟೈತೆ ಅಂತ ಇವ್ನಿಗೆ ಮೊದ್ಲೇ ಹೆಂಗೆ ಗೊತ್ತಿತ್ತು? ಇವ್ನೇ ಏನೋ ಬೆರೆಸಿರ್ಬೇಕು" ಅಂದ್ಬಿಟ್ಟ. ಅಪ್ಪ ನಂಬಿದ್ರು. ನಂಬಿದ್ರೆ ಅವ್ರ ಎದೆ ಹಗುರ ಆಗ್ತಿತ್ತಲ್ಲ. ಮಾವನ ಬಾಗ್ಲಾಗ ನಿಂತು ಬಾಯಿಗೆ ಬಂದಂಗೆ ಬೈದ್ರು. ಮಾವ ನನ್ನ ಕಡೆ ನೋಡಿದ್ರು. ಪುಡಿ ವಿಷ್ಯ ನಂಗೊಬ್ಬಂಗೆ ಗೊತ್ತಿತ್ತು. ನಾನು ತುಟಿ ಬಿಚ್ಚಲಿಲ್ಲ. ತಿಂಗಳೊಳಗೆ ಅವ್ರು ಮನೆ ಖಾಲಿ ಮಾಡ್ಕಂಡು ಹರಿಹರ ಸೇರಿದ್ರು.

ಇವತ್ತು ಬೆಳಿಗ್ಗೆ ರೈಲು ಹತ್ತಿ ಹರಿಹರಕ್ಕೆ ಹೋದೆ. ಕೇಳ್ಕಂತ ಕೇಳ್ಕಂತ ಸ್ಟೇಷನ್ ಹಿಂದಿನ ಮನೆ ಸಿಕ್ತು. ಮಾವನ ಹೆಂಡ್ತಿ, ಅತ್ತೆ, ಹೊರಗೆ ಬಂದು, "ಅವ್ರು ತೀರಿ ಹೋಗಿ ಮೂರು ವರ್ಷಾತಪ್ಪ. ಆ ಹುಡುಗ ಒಂದಿನ ಬರ್ತಾನೆ ಅಂತಿದ್ರು... ಕೂಡು" ಅಂದ್ರು. ಕೂಡೋಕೆ ಆಗ್ಲಿಲ್ಲ.

ವಾಪಸ್ ದಾವಣಗೆರೆಯಾಗ ಇಳಿದು ಬರ್ತಾ ನೋಡಿದೆ. ಆ ಡಾಕ್ಟ್ರ ಕಿಟಕ್ಯಾಗೆ ಇವತ್ತೂ ಬಾಟ್ಲಿಗಳು ಬಿಸಿಲಿಗೆ ಕುಂತಾವೆ.

ನಿಮ್ಮನ್ಯಾಗೂ ಬಣ್ಣ ತಿರುಗಿದ ಔಷಧಿ ಹಾಕಿಸ್ಕಂಡಿದ್ರೆ, ಬ್ಯಾಡ ಅಂದೋರನ್ನ ಬೈದು ಕಳ್ಸಿದ್ರೆ, ಇದರ ಕೆಳಗೆ ಬರೀರಿ. ಅವ್ರು ಇರೋವಾಗ್ಲೇ ಬರೀರಿ.