ಕಾದ ಕುಡುಗೋಲಿಗೆ ಅಡ್ಡ ಕುಳಿತ ಚಿಕ್ಕತಾಯಮ್ಮ

ತಿಗನಾರೆಯಲ್ಲಿ ಇನ್ನೂ ಮಂಜು ಕರಗಿಲ್ಲ. ಬಾಲವಾಡಿಯ ಹಿತ್ತಲಲ್ಲಿ ಹಂಡೆ ಕಾಯುತ್ತಿದೆ. ಆಯಾ ಚಿಕ್ಕತಾಯಮ್ಮ ಚೊಂಬಿನ ನೀರನ್ನು ತಮ್ಮ ಕೈಮೇಲೆ ಸುರಿದು ನೋಡಿ, ಆಮೇಲೆ ಮಗುವಿನ ಬೆನ್ನಿಗೆ ಹಾಕುತ್ತಾರೆ. ಅವರ ಕಣ್ಣು ಮಾತ್ರ ಪದೇ ಪದೇ ಮಂದೆಬಯಲಿನ ಕಡೆಗೇ. ತಾವು ಸಾಕಿದ ಮಾದೇವನಿಗೆ ಊರು ತನ್ನ ದನಗಳನ್ನು ಕಾಯಲು ಒಪ್ಪಿಸುತ್ತದೋ ಇಲ್ಲವೋ, ಇವತ್ತೇ ತೀರ್ಮಾನ.

ಸರ್ಕಾರ ಕೊಡು ಎಂದಿರುವುದು ಗಂಜಿಯನ್ನಷ್ಟೇ. ಮೀಸುವುದು ಇವರದೇ ಕಟ್ಟಳೆ. "ಬಟ್ಟೆ ಬಿಚ್ಚುದ್ರೆ ಮನೇಲೇನಾಯ್ತಾ ಅದೆ ಅಂತ ಬೆನ್ನೇ ಯೋಳ್ತದೆ ಸ್ವಾಮಿ" ಎನ್ನುತ್ತಾರೆ.

ಈಗ ೧೯೮೬. ದೂರದ ಪಟ್ಟಣದಲ್ಲಿ ಒಬ್ಬರಾದ ಮೇಲೊಬ್ಬರನ್ನು ಕೊಂದವನ ಸುದ್ದಿ ಪತ್ರಿಕೆಗಳ ತುಂಬ. ಅಂಥವರಲ್ಲಿ ಹಲವರು ಬಾಲ್ಯದಲ್ಲಿ ಹಿಂಸೆ ಉಂಡವರು, ಮೊದಲು ಮೂಕಪ್ರಾಣಿಗಳ ಮೇಲೆ ಕೈ ಮಾಡಿದವರು ಎನ್ನುತ್ತಾರೆ ಮನೋವೈದ್ಯರು. ಹಾಗಂತ ಪೆಟ್ಟು ತಿಂದ ಮಕ್ಕಳೆಲ್ಲ ಕೊಲೆಗಾರರಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಜೊತೆ ನಿಂತರೆ ಸಾಕಂತೆ. ಆ 'ಯಾರಾದರೊಬ್ಬರು' ಹೇಗಿರುತ್ತಾರೆಂದು ನೋಡಲು ದಿಂಬಂ ಘಾಟಿಯ ತಿರುವುಗಳನ್ನು ಹತ್ತಿ ಬಂದಿದ್ದೇನೆ.

ಹನ್ನೆರಡು ವರ್ಷದ ಹಿಂದೆ ಮಾದೇವ ತಾಯಿಯಿಲ್ಲದ ಹುಡುಗ. ನಾಯಿಮರಿಗಳ ಕತ್ತು ಹಿಸುಕುತ್ತಿದ್ದ. ಜಮೀನುದಾರ ಸಿದ್ದಮಲ್ಲಪ್ಪನವರ ಕರುವಿನ ಕಿವಿ ಕೊಯ್ದಿದ್ದ. ಗಾಳಿ ಮೆಟ್ಟಿದೆ ಎಂದು ಊರವರು ಕುಡುಗೋಲು ಕಾಯಿಸಿ ಬರೆ ಹಾಕಿದರು. ಮೊದಲ ಸಲ ಅವನ ಕಾಲು ಹಿಡಿದುಕೊಂಡವರು ಚಿಕ್ಕತಾಯಮ್ಮನೇ.

"ಒಂದು ಬರೆ ಆರೋದ್ರೊಳ್ಗೆ ಇನ್ನೊಂದು ಮರಿ ಸಾಯ್ತಿತ್ತು. ಒಂದಿನ ಮೀಸ್ವಾಗ ಅವ್ನ ಬೆನ್ನು ನೋಡ್ದಿ. ಅಯ್ಯೋ ಶಿವನೇ, ಗಾಳಿ ಬುಡುಸ್ತಿಲ್ಲ, ನಾವೇ ಬೆಂಕಿ ತುಂಬ್ತಾ ಇದ್ದೀವಲ್ಲಾ ಅನ್ನುಸ್ತು."

ಹುಡುಗನನ್ನು ಬಾಲವಾಡಿಗೆ ಕರೆತಂದು, ಪುಟ್ಟ ಮಕ್ಕಳಿಗೆ ನೀರು ಹೊಯ್ಯುವ ಕೆಲಸ ಕೊಟ್ಟರು. ಅವನೋ ಒಂದು ದಿನ ಬೇಕಂತಲೇ ಮಗುವಿನ ಕಾಲಿಗೆ ಕುದಿನೀರು ಸುರಿದ. ಊರು ಮತ್ತೆ ಕುಡುಗೋಲು ಕಾಯಿಸಿತು. ಚಿಕ್ಕತಾಯಮ್ಮ ಅಡ್ಡ ಕುಳಿತು ತಮ್ಮ ಬೆನ್ನು ಕೊಟ್ಟರು.

"ಮೊದ್ಲು ನಂಗೆ ಬರೆ ಆಕಿ ಬುದ್ಧಿ, ಆಮ್ಯಾಕೆ ಅವ್ನಿಗೆ."

ಕುಡುಗೋಲು ಹಿಡಿದಿದ್ದ ಸಿದ್ದಮಲ್ಲಪ್ಪ ಅದನ್ನು ಬಿಸಾಡಿ ಹೋದರು. ಸುಟ್ಟ ಕಾಲಿಗೆ ದಿನಾ ಜೇನು ಹಚ್ಚುವ ಕೆಲಸ ಮಾದೇವನಿಗೇ ಬಿತ್ತು, ಆಯಾ ಪಕ್ಕದಲ್ಲೇ ಕಾವಲು. ಗಾಯ ಮಾಗುವ ಹೊತ್ತಿಗೆ ಮಗು ಅವನ ಹೆಗಲ ಮೇಲೆ ನಿದ್ದೆ ಹೋಯಿತು. ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಮುಂದೆ ಎಷ್ಟೋ ಸಲ ಸಿಟ್ಟಿಗೆದ್ದ, ಆದರೆ ಇನ್ನೊಂದು ಮರಿ ಸಾಯಲಿಲ್ಲ.

ಇಲ್ಲಿ ದನ ಕಾಯುವವನನ್ನು ಆರಿಸುವ ಪದ್ಧತಿಯೇ ಬೇರೆ. ಒಪ್ಪಿದ ಮನೆಯವರು ತಮ್ಮ ದನ ಬಿಚ್ಚಿ ಅವನ ಮುಂದೆ ಬಿಡಬೇಕು. ಒಂದು ಮನೆ ಬಿಡದಿದ್ದರೂ ಕೆಲಸವಿಲ್ಲ. ಬಿಸಿಲೇರುವಷ್ಟರಲ್ಲಿ ಎಲ್ಲರೂ ಬಿಟ್ಟಿದ್ದಾರೆ, ಸಿದ್ದಮಲ್ಲಪ್ಪನವರನ್ನು ಬಿಟ್ಟು. ಕೊನೆಗೆ ಅವರು ತಾವೇ ಹಸು ಹಿಡಿದು ಬರುತ್ತಾರೆ.

"ಗಬ್ಬದ ಅಸ ಕಣ್ಲಾ ಮಾದೇವ. ನಿನ್ ಕೈಲೇ ಈಯ್ಲಿ."

ಬಯಲೆಲ್ಲ ಕೇಕೆ. ನಾನೂ ಪತ್ರಕರ್ತನ ಗಾಂಭೀರ್ಯ ಮರೆತು ಕೂಗುತ್ತೇನೆ. ಚಿಕ್ಕತಾಯಮ್ಮ ಒದ್ದೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬೇಲಿಯ ಬಳಿ ನಿಂತಿದ್ದಾರೆ. ಕಣ್ಣೀರು ಇಳಿಯುತ್ತಿದೆ, ಮುಖದ ತುಂಬ ನಗು.

"ಅವ್ನು ದೊಡ್ಮನ್ಸ ಆಗ್ಲಿ ಅಂತ ನಾ ಬೇಡ್ಕಂಡಿಲ್ಲ ಸ್ವಾಮಿ. ಅವ್ನ ಕಂಡ್ರೆ ಒಂದು ಕರಾನೂ ಎದರ್ಬಾರ್ದು ಅಂತಿದ್ದಿ. ನೋಡಿ ಅಲ್ಲಿ, ಆ ಅಸ ಅವ್ನ ಕೈ ನೆಕ್ತಾ ಅದೆ."