ಕೋರ್ಟು ಕೊಟ್ಟ ಮಗಳು

ಹೋದ ಜೂನಿನಲ್ಲಿ ಶಾಲೆ ಶುರುವಾಗಿ ಎಂಟು ದಿನವಾದರೂ ನನ್ನ ಮೂರನೇ ಇಯತ್ತೆಯ ಗಿರಿಜಾ ಬರಲಿಲ್ಲ. ಒಂಬತ್ತನೆಯ ದಿನ ಅವಳ ತಾಯಿ ಶಾಂತವ್ವ ಕ್ಲಾಸಿನ ಬಾಗಿಲಲ್ಲಿ ಬಂದು ನಿಂತಳು.

“ಅಕ್ಕೋರೆ, ನನ್ನ ಜೋಡಿ ಯರಗುಪ್ಪಿಗೆ ಬರ್ತೀರೇನ್ರಿ?”

ಶಾಂತವ್ವ ನಮ್ಮ ನವಲಗುಂದದಲ್ಲಿ ಹೊಲಿಗೆ ಹಾಕಿ ಬದುಕುವವಳು. ಗಂಡನೊಡನೆ ಸೋಡಚೀಟಿ, ಅಂದರೆ ವಿಚ್ಛೇದನ, ಆಗಿ ಎರಡು ವರ್ಷ. ಮಗಳು ತಾಯಿಯ ಹತ್ತಿರ ಇರಬೇಕು, ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಯರಗುಪ್ಪಿಗೆ, ತಂದೆಯ ಮನೆಗೆ ಹೋಗಬೇಕು ಎಂದು ಸಿವಿಲ್ ಕೋರ್ಟಿನ ಹುಕುಮು. ತಂದೆ ತಿಂಗಳಿಗಿಷ್ಟೆಂದು ಹೊಟ್ಟೆಬಟ್ಟೆಯ ಪೋಟಗಿ ಕೊಡಬೇಕೆಂದು ಮ್ಯಾಜಿಸ್ಟ್ರೇಟರ ಹುಕುಮು. (ಹೊಸ ಕ್ರಿಮಿನಲ್ ಕಾಯ್ದೆಯಲ್ಲಿ ಸೋಡಚೀಟಿಯಾದವಳಿಗೂ ಪೋಟಗಿ ಉಂಟೆಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?) ಪೋಟಗಿ ನಿಂತು ಆರು ತಿಂಗಳಾಗಿದ್ದರೂ ಮಗಳನ್ನು ಕಳಿಸಿದ್ದಳು. ಈಗ ಮಗಳೂ ತಿರುಗಿ ಬರಲಿಲ್ಲ.

ಶನಿವಾರ ರಜೆ ಹಾಕಿದೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಯರಗುಪ್ಪಿಗೆ ಹೋದೆವು. ಗಿರಿಜಾ ಅಲ್ಲಿಯ ಶಾಲೆಯ ಅಂಗಳದಲ್ಲೇ ಇದ್ದಳು. ತಂದೆ ಅಲ್ಲೇ ಹೆಸರು ಹಚ್ಚಿಸಿಬಿಟ್ಟಿದ್ದ. ತಾಯಿಯನ್ನು ಕಂಡವಳೇ ಓಡಿ ಬಂದು ಸೀರೆ ಹಿಡಿದಳು. ತಂದೆಯ ಕಡೆಯವರು ಯಾರೂ ಹತ್ತಿರ ಇರಲಿಲ್ಲ. ನಾವು ಬಂದ ಬಸ್ಸು ತಿರುಗಿ ಹೊರಡುವುದರಲ್ಲಿತ್ತು.

“ಕರ್ಕೊಂಡು ಹೋಗಿಬಿಡೂಣು,” ಎಂದೆ. (ಹೌದು, ಮಕ್ಕಳಿಗೆ ನೀತಿ ಪಾಠ ಹೇಳುವ ನಾನೇ.)

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

“ನನ್ನ ಮಗಳನ್ನ ನಾನ ಕಳವು ಮಾಡ್ಲೇನ್ರಿ?” ಎಂದಳು ಶಾಂತವ್ವ. “ಇವತ್ತ ನಾ ಎಳಕೊಂಡು ಹೋದ್ರ ನಾಳೆ ಅವ ಬಂದು ಎಳಕೊಂಡು ಹೋಗ್ತಾನ. ಈಕಿ ಎಷ್ಟು ಸಲ ಓಡಬೇಕ್ರಿ?”

ಮಗಳ ಮುಂದೆ ಕೂತು, “ನಾಕು ದಿನ ತಡಿ. ಕೋರ್ಟಿನ್ಯಾಗ ಕೇಳಿ ಕರ್ಕೊಂಡು ಹೋಗ್ತೀನಿ,” ಎಂದಳು. ಮಗು ಸೀರೆ ಬಿಡಲಿಲ್ಲ. ಅವಳು ಒಂದೊಂದೇ ಬೆರಳು ಬಿಡಿಸುವುದನ್ನು ನೋಡಲಾಗದೆ ನಾನು ಬಸ್ಸಿನ ಕಡೆ ನಡೆದೆ.

ವಕೀಲರು ಹೇಳಿದ್ದನ್ನು ನಾನೂ ಮೊದಲ ಸಲ ಕೇಳಿದೆ. ಮಗಳಿಗಾಗಿ, ಹುಕುಮು ಕೊಟ್ಟ ಕೋರ್ಟಿಗೇ ಅರ್ಜಿ. ಪೋಟಗಿಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಬೇರೆ ಅರ್ಜಿ, ಅದೂ ವರ್ಷ ದಾಟುವುದರೊಳಗೆ. ಕೊಡದಿದ್ದರೆ ವಾರಂಟು, ಜೈಲೂ ಆದೀತು.

“ಆದ್ರ ತಂಗೆವ್ವ, ಅವ ಪೋಟಗಿ ಕೊಡ್ಲಿಲ್ಲಂತ ನೀ ಮಗಳನ್ನ ಕಳಸದ ಇರಬ್ಯಾಡ,” ಎಂದರು. “ಅದೂ ಹುಕುಮು ಮುರಿದಂಗ.”

ನಾಲ್ಕು ದಿನವಲ್ಲ, ನಾಲ್ಕು ತಿಂಗಳಾಯಿತು. ಎರಡು ತಾರೀಖಿಗೆ ತಂದೆ ಬರಲೇ ಇಲ್ಲ. ಕೊನೆಗೆ ನ್ಯಾಯಾಧೀಶರು ಜೈಲಿನ ಮಾತೆತ್ತಿದ ಮೇಲೆ ಮಗಳನ್ನು ಕೋರ್ಟಿಗೆ ಕರೆತಂದ. ಈ ಸಲ ಗಿರಿಜಾ ಓಡಿ ಬರಲಿಲ್ಲ. ನಡೆದು ಬಂದು ತಾಯಿಯ ಬಾಜು ನಿಂತಳು. ಸೀರೆ ಮುಟ್ಟಲಿಲ್ಲ.

ಎಷ್ಟೋ ದಿನಗಳ ಮೇಲೆ ಒಂದು ಮುಂಜಾನೆ ಜಡೆ ಹಾಕಿಸಿಕೊಳ್ಳುತ್ತ ಕೇಳಿದಳಂತೆ: “ಅವತ್ತ ಯಾಕ ಬಿಟ್ಟು ಹೋದಿ?”

“ಏನ್ ಹೇಳಿದಿ?” ಎಂದು ಶಾಂತವ್ವನನ್ನು ಕೇಳಿದೆ.

“ಜಡಿ ಹಾಕಿದೆನ್ರಿ.”

ಪೋಟಗಿ ಈಗ ಬರುತ್ತಿದೆ. ಮೊನ್ನೆ ಬೇಸಿಗೆ ರಜೆ ಶುರುವಾಯಿತು. ಕರೆದೊಯ್ಯಲು ತಂದೆ ಬಂದ. ಶಾಂತವ್ವ ಮಗಳ ಚೀಲ ತುಂಬಿ ಕಳಿಸಿಕೊಟ್ಟಳು. ಓಣಿಯವರೆಲ್ಲ ಅವಳಿಗೆ ಹುಚ್ಚು ಎಂದರು.

“ಇಷ್ಟು ಧೈರ್ಯ ಎಲ್ಲಿಂದ ಬಂತವ್ವಾ?” ಎಂದೆ.

“ಧೈರ್ಯ ಇಲ್ರಿ ಅಕ್ಕೋರೆ. ಹುಕುಮು ಐತಿ.”

ಹುಕುಮು ಮುರಿದ ತಂದೆಯನ್ನು ಕೇಳಲು ಕೋರ್ಟಿದೆ. ಆ ನಾಲ್ಕು ತಿಂಗಳ ಬಗ್ಗೆ ಗಿರಿಜಾ ಯಾರನ್ನು ಕೇಳಬೇಕು?