ನಾಲ್ಕನೆಯವನ ಗಂಟೆ

ಮೊಮ್ಮಗಳಿಗೆ ಇತಿಹಾಸದ ಎಂ.ಎ. ಸೀಟು ಸಿಕ್ಕ ದಿನ ನಾನು ಬೀದಿಗೆಲ್ಲ ಮೈಸೂರುಪಾಕು ಹಂಚಿದೆ. ಹಿತ್ತಲ ಬಾಡಿಗೆ ಕೋಣೆಗಳ ಒಡಿಯಾ ಹುಡುಗರಿಗೆ, ನೀರಿನ ಟ್ಯಾಂಕರ್ ತರುವವನಿಗೆ, ಟೆಕ್ ಪಾರ್ಕಿನ ಗೇಟಿನಲ್ಲಿ ನಿಲ್ಲುವ ಸೆಕ್ಯೂರಿಟಿಯವರಿಗೂ ಕೊಟ್ಟೆ. ಯಾವ ಕಂಪನಿ ಎಂದು ಅವರು ಕೇಳಿದರು. ಕಂಪನಿಯಲ್ಲಪ್ಪ, ಹಳೇ ಕಾಲದ ಓದು ಎಂದೆ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು. ನನ್ನ ಮನೆಯ ಹುಡುಗಿ ರಾಜರ ತಪ್ಪು ಹಿಡಿಯುವಷ್ಟು ಓದುತ್ತಾಳೆ ಎಂದರೆ ಎದೆ ಹಿಗ್ಗದೆ ಇರುತ್ತದೆಯೇ? ಇವತ್ತಿಗೂ ಅವಳು ಬ್ಯಾಗು ಹಾಕಿಕೊಂಡು ಗೇಟು ದಾಟಿದರೆ ನನಗೆ ಹಬ್ಬ. ಆದರೆ ಆ ಹಿಗ್ಗಿನಲ್ಲೇ ನಾನು ಒಬ್ಬ ಮುದುಕರ ಮಾನ ಕಳೆದೆ. ಅದು ನನ್ನನ್ನು ಬಿಡುತ್ತಿಲ್ಲ.

ಅವರು ನಮ್ಮ ಮನೆಗೆ ಬರುತ್ತಿದ್ದ ಹೆಳವಪ್ಪ. ಹೆಳವರೆಂದರೆ ಒಕ್ಕಲು ಮನೆಗಳ ವಂಶ ಹೇಳುವವರು. ಸುಗ್ಗಿ ಮುಗಿದ ಮೇಲೆ, ಮೂರು ನಾಲ್ಕು ವರ್ಷಕ್ಕೊಮ್ಮೆ ಬಂದು, ನಮ್ಮ ಹಿರೀಕರು ಎಲ್ಲಿಂದ ಬಂದರು, ಯಾರು ಯಾರಿಗೆ ಹುಟ್ಟಿದರು, ಯಾವ ಬಾವಿ ಯಾರು ತೋಡಿದರು ಎಂದು ಒಂದೂ ಬಿಡದೆ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಹೋಗುತ್ತಿದ್ದರು. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಅವರು ಎತ್ತಿನ ಮೇಲೆ ಬರುತ್ತಿದ್ದರು. ನಮ್ಮೂರು ಪಟ್ಟಂದೂರು ಅಗ್ರಹಾರದ ಹೊಲಗಳ ಮೇಲೆ ಗಾಜಿನ ಕಟ್ಟಡಗಳು ಎದ್ದಮೇಲೆ ಎತ್ತು ಕಟ್ಟಲು ಜಾಗವಿಲ್ಲದಾಯಿತು. ಒಮ್ಮೆ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಕಟ್ಟಿದ್ದಕ್ಕೆ ಯಾರೋ ಬೈದರು. ಆಮೇಲೆ ಎತ್ತನ್ನು ಬಿಟ್ಟು, ಅದರ ಕೊರಳ ಗಂಟೆಯನ್ನು ಮಾತ್ರ ಬಟ್ಟೆಯಂಗಡಿಯ ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬರತೊಡಗಿದರು.

ಅವರಿಗೆ ಮನೆಯ ಹೊಲದ ರಾಗಿಯನ್ನು ಮೊರದಲ್ಲಿ ಕೊಡಬೇಕು. ಹೊಲ ಎಲ್ಲಿದೆ? ನಾನು ಅಂಗಡಿಯಿಂದ ರಾಗಿ ತಂದು, ಅಡುಗೆಮನೆಯಲ್ಲೇ ಪ್ಯಾಕೆಟ್ ಕತ್ತರಿಸಿ, ಮೊರಕ್ಕೆ ಸುರಿದು ತರುತ್ತಿದ್ದೆ. ಅವರು ಒಂದು ಹಿಡಿ ಎತ್ತಿ ಮೂಸಿ ನೋಡಿ, "ಈ ಸಲ ಕಾಳು ಚೆಂದಾಗೈತೆ ಕಣವ್ವ" ಎನ್ನುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ಮಾನ ಉಳಿಸುತ್ತಿದ್ದರು. ಆ ಮನುಷ್ಯ ಎಂಥವರೆಂದು ನನಗೆ ಅಷ್ಟರಲ್ಲೇ ತಿಳಿಯಬೇಕಿತ್ತು.

ಮೊಮ್ಮಗಳು ಎಂ.ಎ. ಸೇರಿದ ವರ್ಷ ಅವರು ಬಂದರು. ಕಾಲೇಜಿನಲ್ಲಿ ಅವಳಿಗೆ ಮನೆತನದ ಚರಿತ್ರೆ ಬರೆಯಲು ಹೇಳಿದ್ದರು. ಹೆಳವಪ್ಪ ಬರುತ್ತಾರೆಂದು ಗೊತ್ತಾಗಿ ನಾನು ನೆಂಟರನ್ನೆಲ್ಲ ಕರೆದಿದ್ದೆ. ವಂಶ ಕೇಳುವುದಕ್ಕಿಂತ ಹೆಚ್ಚಾಗಿ ಮೊಮ್ಮಗಳನ್ನು ತೋರಿಸುವುದು ನನ್ನ ಆಸೆ. ಹೆಳವಪ್ಪ ಹಾಲಿನ ಟೈಲ್ಸಿನ ಮೇಲೆ ಕಂಬಳಿ ಹಾಸಿ, ಅವರ ಕುಲದ ಪದ್ಧತಿಯಂತೆ ಕಾಲು ಕಾಣದ ಹಾಗೆ ಮುಚ್ಚಿಕೊಂಡು ಕೂತರು. ಅವಳು ಎದುರಿಗೆ ಫೋನು ಇಟ್ಟು ವಿಡಿಯೋ ಹಾಕಿದಳು.

ಅವರು ಶುರು ಮಾಡಿದರು. ಮೂಡಲ ಸೀಮೆಯಿಂದ ಏಳು ಗಾಡಿ ಕಟ್ಟಿಕೊಂಡು ಬಂದವರು. ಮೂಲಪುರುಷ ಮುನ್ನೂರು ವರ್ಷ ಬಾಳಿದ. ಒಂದೇ ರಾತ್ರಿ ಕೆರೆ ಕಟ್ಟಿಸಿದ.

"ಒಂದು ನಿಮಿಷ ತಾತ. ಮುನ್ನೂರು ವರ್ಷ ಮನುಷ್ಯ ಬದುಕ್ತಾನಾ?" ಎಂದಳು ಮೊಮ್ಮಗಳು.

"ಆಗಿನೋರು ಬದುಕ್ತಿದ್ರು ಕೂಸೇ."

"ಕೆರೆ ಒಂದೇ ರಾತ್ರೀಲಾ? ಜೆಸಿಬಿ ಇತ್ತಾ?"

ಹಾಲೆಲ್ಲ ಗೊಳ್ಳೆಂದಿತು. ಹೆಳವಪ್ಪನೂ ನಕ್ಕರು. "ನಿನ್ ಮೊಮ್ಮಗ್ಳು ಬಲೇ ಚೂಟಿ ಗೌಡ್ತಿ" ಎಂದರು. ನನಗೆ ಸ್ವರ್ಗ ಮೂರೇ ಗೇಣು. ಅವರು ಮತ್ತೆ ಮೊದಲಿನಿಂದ ಹಿಡಿದರು. ನಡುವೆ ನಿಂತರೆ ಅವರು ಬುಡದಿಂದಲೇ ಬರಬೇಕು, ಅಲ್ಲಲ್ಲೇ ಎತ್ತಿಕೊಳ್ಳಲು ಆಗದು.

ಆಮೇಲೆ ಆ ಜಾಗ ಬಂತು. ನನ್ನ ಯಜಮಾನರ ಮುತ್ತಾತನ ಕಾಲ. "ಆಯಪ್ಪಂಗೆ ನಾಕು ಜನ ಗಂಡುಮಕ್ಳು" ಎಂದು ಹೆಳವಪ್ಪ ಮೂರು ಹೆಸರು ಹೇಳಿದರು. ಮೂರಾದ ಮೇಲೆ ಗಂಟೆಯನ್ನು ಒಂದೇ ಸಲ ಅಲ್ಲಾಡಿಸಿದರು. ಹಿಂದೆಲ್ಲ ಆ ಗಂಟೆ ಕೇಳಿದಾಗ ಮನೆಯ ಹಿರಿಯರು ತಲೆ ತಗ್ಗಿಸುತ್ತಿದ್ದರು. ಮಾತು ಮುಂದಕ್ಕೆ ಹೋಗುತ್ತಿತ್ತು.

ಮೊಮ್ಮಗಳು ಬೆರಳು ಮಡಚಿ ಎಣಿಸುತ್ತಿದ್ದಳು. "ತಾತ, ನಾಲ್ಕು ಅಂದ್ರಿ. ಮೂರೇ ಹೇಳಿದ್ರಿ. ನಾಲ್ಕನೇದು?"

ಹೆಳವಪ್ಪ ಮತ್ತೊಮ್ಮೆ ಗಂಟೆ ಅಲ್ಲಾಡಿಸಿದರು.

"ಗಂಟೆ ಅಲ್ಲ ತಾತ, ಹೆಸ್ರು. ಮರ್ತೋಯ್ತಾ?"

ಅವರು ನನ್ನ ಕಡೆ ನೋಡಿದರು. ನನಗೆ ಗೊತ್ತು ಎಂದು ಅವರಿಗೆ ಗೊತ್ತಿತ್ತು. ನಮ್ಮತ್ತೆ ಬೀಸುವ ಕಲ್ಲಿನ ಮುಂದೆ ಒಂದೇ ಸಲ, ಹೆಸರು ಸಮೇತ ನನಗೆ ಹೇಳಿದ್ದರು: ಊರಿಗೆ ಮಾರಿಬೇನೆ ಬಂದಾಗ ಎಲ್ಲರೂ ಹೊಲದಲ್ಲಿ ಗುಡಿಸಲು ಹಾಕಿಕೊಂಡರು, ಆ ನಾಲ್ಕನೆಯ ಮಗ ಕಾಯಿಲೆ ಬಿದ್ದ ತಾಯಿಯನ್ನು ಮನೆಯೊಳಗೇ ಬಿಟ್ಟು ಹೊರಗಿನಿಂದ ಚಿಲಕ ಹಾಕಿಕೊಂಡು ಹೋದ. ಹೆಳವರು ಅವನನ್ನು ಹೆಸರಿಸುವುದಿಲ್ಲ. ಹೆಸರಿಸಿದರೆ ಮನೆಗೆ ಅವಮಾನ. ಹಾಗೆಂದು ಮೂರೇ ಮಕ್ಕಳು ಎಂದು ಹೇಳುವುದೂ ಇಲ್ಲ, ಹೇಳಿದರೆ ಸುಳ್ಳಾಗುತ್ತದೆ. ಅದಕ್ಕೇ ಆ ಗಂಟೆ.

ನಾನು ಬಾಯಿ ಬಿಟ್ಟು "ಮಗಾ, ಅದು ಬೇಡ ಬಿಡು" ಎಂದಿದ್ದರೆ ಸಾಕಿತ್ತು. ನಾನೇನು ಮಾಡಿದೆ? ನಕ್ಕೆ. ನೆಂಟರ ಕಡೆ ತಿರುಗಿ, "ನೋಡ್ರೇ, ಹೆಂಗೆ ಲೆಕ್ಕ ಹಿಡಿದ್ಲು ನನ್ ಮೊಮ್ಮಗ್ಳು!" ಎಂದೆ. ಅವಳು ಆ ಮುದುಕರನ್ನು ಗೆದ್ದಳೆಂಬ ಹಿಗ್ಗು. ಅತ್ತೆಯ ಮಾತು ಆ ಗಳಿಗೆಯಲ್ಲಿ ತಲೆಯಲ್ಲಿ ಇತ್ತೋ ಇಲ್ಲವೋ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇತ್ತು. ಇದ್ದೂ ನಕ್ಕೆ.

ಹೆಳವಪ್ಪ ಸ್ವಲ್ಪ ಹೊತ್ತು ಗಂಟೆಯ ನಾಲಗೆಯನ್ನು ಬೆರಳಲ್ಲಿ ಹಿಡಿದುಕೊಂಡು ಕೂತರು. ಆಮೇಲೆ, "ಊಂ ಕಣವ್ವ. ಮರ್ತೋಯ್ತು" ಎಂದರು.

ಕಂಬಳಿ ಮಡಚಿದರು. ಹೊಸ ಮಕ್ಕಳ ಹೆಸರು ಸೇರಿಸಿಕೊಳ್ಳಲಿಲ್ಲ. "ಊಟ ಮಾಡ್ಕೊಂಡು ಹೋಗಿ ಹೆಳವಪ್ಪ" ಎಂದೆ. "ವೊಟ್ಟೆ ತುಂಬೈತೆ" ಎಂದರು. ಮೊರದ ರಾಗಿ ಹಾಗೇ ಉಳಿಯಿತು. ನೆಂಟರೊಬ್ಬರು, "ಪಾಪ, ಮುದುಕಂಗೆ ಗ್ಯಾಪ್ಕಶಕ್ತಿ ಹೋಗೈತೆ" ಎಂದರು. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಆ ವಿಡಿಯೋವನ್ನು ನಮ್ಮವರ ವಾಟ್ಸಾಪ್ ಗುಂಪಿಗೆಲ್ಲ ಹಾಕು, ನಿನ್ನ ಜಾಣತನ ಎಲ್ಲರೂ ನೋಡಲಿ ಎಂದು ಮೊಮ್ಮಗಳಿಗೆ ನಾನೇ ಹೇಳಿದೆ.

ಅವಳು ಬರೆದ ಚರಿತ್ರೆಗೆ ಕಾಲೇಜಿನಲ್ಲಿ ಬಹುಮಾನ ಬಂತು. ಕಾಲೇಜಿನ ಪುಸ್ತಕದಲ್ಲೂ ಅಚ್ಚಾಯಿತು. ಖುಷಿಯಲ್ಲಿ ಓದಿ ಹೇಳು ಎಂದೆ. ಓದುತ್ತಾ ಬಂದಳು: ಹೇಳಿದವರಿಗೆ ನೆನಪಿನ ಶಕ್ತಿ ಕುಗ್ಗಿದೆ, ಆದ್ದರಿಂದ ಅವರ ಮಾತನ್ನು ಪೂರ್ತಿ ನಂಬಲಾಗದು. ಅಲ್ಲಿಗೆ ಸಾಕು ಎಂದೆ. ಅತ್ತೆ ಹೇಳಿದ್ದನ್ನು, ಹೆಸರೊಂದನ್ನು ಬಿಟ್ಟು, ಅವಳಿಗೆ ಹೇಳಿದೆ.

"ಅಜ್ಜಿ, ಮುನ್ನೂರು ವರ್ಷ ಅಂದ್ರೆ ಮುನ್ನೂರು ಅಂತ ಅವ್ರೂ ಎಣಿಸಿರ್ಲಿಲ್ಲ. ಬಹಳ ದೊಡ್ಡವನು ಅಂತ ಹಂಗೆ ಹೇಳೋದು. ನಾನು ನಮ್ ಸ್ಕೇಲ್ ಇಟ್ಕೊಂಡು ಅವ್ರನ್ನ ಅಳೆದೆ" ಎಂದಳು ಮೊಮ್ಮಗಳು. ಆಮೇಲೆ, "ನೀನು ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದು ಅತ್ತಳು.

ಅವರಿವರನ್ನು ಕೇಳಿದೆವು. ಹೆಳವಪ್ಪ ಪೀಣ್ಯದಲ್ಲಿ, ಲೇತ್ ಕೆಲಸ ಮಾಡುವ ಮಗನ ಮನೆಯಲ್ಲಿದ್ದಾರೆಂದು ತಿಳಿಯಿತು. ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿ ಹೋದೆವು. ನಾನು ಎರಡು ಸೇರು ರಾಗಿ ಮಡಿಲಲ್ಲಿಟ್ಟುಕೊಂಡಿದ್ದೆ. ಶೀಟಿನ ಮನೆ. ಪಕ್ಕದ ಶೆಡ್ಡಿನಲ್ಲಿ ಕಬ್ಬಿಣ ಕೊರೆಯುವ ಸದ್ದು. ಬಾಗಿಲಲ್ಲೇ ಮಗ ತಡೆದ.

"ನೀವೇನಾ ಆ ವಿಡಿಯೋದವ್ರು? ನಮ್ಮಪ್ಪ ಮಹದೇವಪುರದ ಕಡೆ ಹೋದ್ರೆ, ತಾತ, ನಿಂಗೆ ಮರ್ತೋಗೈತಂತಲ್ಲ ಅಂತ ನಗ್ತಾರಮ್ಮ. ಒಬ್ರೂ ಚಾಪೆ ಹಾಕ್ಲಿಲ್ಲ. ಇವ್ರು ಬಾಯೇ ಬಿಡಾಕಿಲ್ಲ ಈಗ."

ಹೆಳವಪ್ಪ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದರು. ನಾನು ಅವರ ಕಾಲನ್ನು ನೋಡಿದ್ದು ಅದೇ ಮೊದಲು. ಮೊಮ್ಮಗಳು ಅದೇ ಕಾಲು ಹಿಡಿದಳು.

"ತಪ್ಪಾಯ್ತು ತಾತ. ಇನ್ನೊಂದ್ಸಲ ಹೇಳಿ. ನಾನು ಸುಮ್ನೆ ಕೇಳ್ತೀನಿ."

"ನಂಗೇನೂ ಬರಾಕಿಲ್ಲ ಮಗಾ. ಮರ್ತೋಗೈತೆ."

"ಇಲ್ಲ ತಾತ, ನೀವು ಮರ್ತಿಲ್ಲ. ಅಜ್ಜಿ ಎಲ್ಲಾ ಹೇಳಿದ್ರು."

ಅವರು ನನ್ನನ್ನು ನೋಡಿದ ನೋಟವಿದೆಯಲ್ಲ, ಬೈದಿದ್ದರೂ ಅಷ್ಟು ಸುಡುತ್ತಿರಲಿಲ್ಲ. "ಹೇಳ್ಬಿಟ್ಯಾ ಗೌಡ್ತಿ?" ಎಂದರು.

"ಹೆಸ್ರು ಹೇಳಿಲ್ಲ ಹೆಳವಪ್ಪ."

"ಹಂಗಾರೆ ಸರಿ" ಎಂದು ಕಣ್ಣು ಮುಚ್ಚಿದರು. ನಾವು ಹೊರಡುವವರೆಗೂ ಮತ್ತೆ ತೆರೆಯಲಿಲ್ಲ. ಗಂಟೆ ಎಲ್ಲಿ ಎಂದು ನಾನು ಸುತ್ತ ಹುಡುಕಿದೆ. ಕಾಣಲಿಲ್ಲ. ರಾಗಿಯನ್ನು ಬಾಗಿಲ ಬಳಿ ಇಟ್ಟು ಬಂದೆವು.

ಮನೆಗೆ ಬಂದ ಮೇಲೆ ಮೊಮ್ಮಗಳು ಬರೆದದ್ದನ್ನು ತಿದ್ದಲು ಕೂತಳು. ಅವರು ಮರೆತಿರಲಿಲ್ಲ ಎಂದು ಬರೆಯಬೇಕು. ಆದರೆ ಮರೆತಿರದಿದ್ದರೆ ಹೆಸರೇನು, ಯಾಕೆ ಮುಚ್ಚಿಟ್ಟರು ಎಂದು ಕೇಳುತ್ತಾರೆ. ಹೇಳಿದರೆ ಆ ಮುದುಕರು ತಮ್ಮ ಮಾನ ಕೊಟ್ಟು ಕಾಪಾಡಿದ್ದು ಬಯಲಾಗುತ್ತದೆ. "ಹೆಸ್ರು ಹೇಳಜ್ಜಿ, ಕೊನೇಪಕ್ಷ ನಂಗೊಬ್ಳಿಗೆ" ಎಂದಳು. ನಾನು ಹೇಳಲಿಲ್ಲ. ಅವಳು ನೆನಪು ಕುಗ್ಗಿದೆ ಎಂಬ ಮಾತು ಹೊಡೆದುಹಾಕಿ, ಮೂರು ಹೆಸರು ಬರೆದು, ನಾಲ್ಕನೆಯ ಸಾಲನ್ನು ಖಾಲಿ ಬಿಟ್ಟು, ಕಾರಣ ಬರೆಯದೆ ಕಾಲೇಜಿಗೆ ಕೊಟ್ಟಳು.

ಕಾಲೇಜಿನ ಮೇಷ್ಟ್ರು ಆ ಖಾಲಿ ಸಾಲಿಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, ಎಲ್ಲರ ಎದುರಿಗೆ ಕೇಳಿದರಂತೆ: ಇದೇನಮ್ಮ, ಮರೆತುಹೋಯಿತಾ? ಅವಳು, ಹೌದು ಸಾರ್, ಮರೆತೆ ಎಂದಳಂತೆ. ಹುಡುಗರು ನಕ್ಕರಂತೆ.

ಇದನ್ನು ಹೆಳವಪ್ಪನಿಗೆ ಹೇಳಬೇಕೆಂದು ಮಾರನೆಯ ದಿನವೇ ನಾನೊಬ್ಬಳೇ ಪೀಣ್ಯಕ್ಕೆ ಹೋದೆ. ಆ ಮನೆಯಲ್ಲಿ ಬೇರೆ ಯಾರೋ ಹಿಂದಿಯವರಿದ್ದರು. ಮೊದಲಿನವರು ಎಲ್ಲಿಗೆ ಹೋದರೆಂದು ಅವರಿಗೆ ಗೊತ್ತಿರಲಿಲ್ಲ. ಪಕ್ಕದ ಶೆಡ್ಡಿನವರಿಗೂ ಗೊತ್ತಿರಲಿಲ್ಲ.